ನೀವು ಕೇಳಿದ್ದೀರಿ: ರೆಕಾರ್ಡ್ ಕೊರೆಯುವಾಗ ಸದ್ದು ಕೆಡುವುದೇಕೆ?

ವಿನೈಲ್ ರೆಕಾರ್ಡ್ ಕೊರೆಯುವವರಿಂದ, ಅಂದರೆ ಲೇತ್ ಎಂಬ ಯಂತ್ರದಲ್ಲಿ ಸದ್ದನ್ನು ತಟ್ಟೆಯ ಮೇಲೆ ಸುರುಳಿ ಗೆರೆಯಾಗಿ (ಗ್ರೂವ್) ಕೆತ್ತುವವರಿಂದ, ಬಂದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಸದ್ದು ಕೆಟ್ಟಿತೆಂದರೆ ಬಹುತೇಕರ ಕೈ ಮೊದಲು ಹೋಗುವುದು ಈಕ್ವಲೈಜರ್ ಕಡೆಗೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಯಾವ ಸಂಗೀತವನ್ನೂ ಕೊಡದೆ ಅರ್ಧ ನಿಮಿಷ ಖಾಲಿ ಗ್ರೂವ್ ಕೊರೆಯಿರಿ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆಮೇಲೆ ಹಾಕಿ ಕೇಳಿ. ಸೂಜಿ, ಬಿಸಿ, ಆಳ, ಮೋಟಾರು, ವಿದ್ಯುತ್ತಿನ ಗುಂಯ್‌ಗುಡುವಿಕೆ, ಇವೆಲ್ಲವುಗಳ ದೋಷ ಖಾಲಿ ಗ್ರೂವ್‌ನಲ್ಲೇ ಬಯಲಾಗುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಮಾತ್ರ ಸಂಗೀತದ ಕಡೆಗೆ ತಿರುಗಿ.

12 ಇಂಚಿನ ರೆಕಾರ್ಡಿಗೆ ಬಳಸುವ ಮಾಸ್ಟರ್ ಲ್ಯಾಕರ್ ತಟ್ಟೆ (ಅಲ್ಯೂಮಿನಿಯಂ ಮೇಲೆ ಮೆದು ಲ್ಯಾಕರ್ ಬಳಿದ ಮೂಲ ತಟ್ಟೆ, ಇದರಿಂದಲೇ ಅಚ್ಚು ಮಾಡುತ್ತಾರೆ) 14 ಇಂಚಿನದು. ಹೊರ ಅಂಚಿನಲ್ಲಿ ಸುತ್ತಲೂ ಉಳಿಯುವ ಒಂದು ಇಂಚು ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದ ಮೇಲೆ ಲ್ಯಾಕರ್ ತಟ್ಟೆ ಮೊದಲಿನಷ್ಟು ಸುಲಭವಾಗಿ ಸಿಗುವ ವಸ್ತುವಲ್ಲ. ಪರೀಕ್ಷೆಗೆಂದು ಇಡೀ ತಟ್ಟೆ ಹಾಳು ಮಾಡಬೇಡಿ.

ಪ್ರಶ್ನೆ: ಹಾಡು ಚೆನ್ನಾಗಿಯೇ ಬರುತ್ತದೆ. ಆದರೆ ಹಾಡುಗಳ ನಡುವಿನ ಖಾಲಿ ಜಾಗದಲ್ಲಿ ದೂರದಲ್ಲಿ ಮಳೆ ಸುರಿದ ಹಾಗೆ ಹಿಸ್ ಕೇಳುತ್ತದೆ. ಹೊಸ ಸೂಜಿ ಹಾಕಿದರೂ ಪೂರ್ತಿ ಹೋಗಲಿಲ್ಲ. ಲ್ಯಾಕರ್ ತಟ್ಟೆ, ನೀಲಮಣಿಯ ಸೂಜಿ.

ಉತ್ತರ: ಖಾಲಿ ಗ್ರೂವನ್ನು 100ರಿಂದ 200 ಪಟ್ಟು ಹಿಗ್ಗಿಸಿ ನೋಡಿ. ಸರಿಯಾಗಿ ಕೊರೆದ ಗ್ರೂವ್‌ನ ಎರಡು ಗೋಡೆಗಳೂ ಕನ್ನಡಿಯಂತೆ ನುಣುಪಾಗಿರುತ್ತವೆ, ತಳ ಒಂದೇ ತೆಳು ಗೆರೆಯಾಗಿರುತ್ತದೆ, ಮೇಲಿನ ಅಂಚುಗಳು ಅಡಿಕೋಲು ಇಟ್ಟು ಎಳೆದ ಹಾಗಿರುತ್ತವೆ. ಗೋಡೆ ಬೂದುಬಣ್ಣಕ್ಕೆ ತಿರುಗಿ ಮಂಜು ಕವಿದಂತೆ ಕಂಡರೆ ನಿಮ್ಮ ಹಿಸ್ ಇರುವುದು ಅಲ್ಲೇ. ಅಂಚಿನಲ್ಲಿ ಲ್ಯಾಕರ್ ಉಬ್ಬಿ ಏರಿಯಂತೆ ಎದ್ದಿದ್ದರೆ ಸೂಜಿ ಕತ್ತರಿಸುವ ಬದಲು ತಳ್ಳಿಕೊಂಡು ಹೋಗುತ್ತಿದೆ ಎಂದು ಅರ್ಥ.

ಈಗ ಎಡ, ಬಲ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಕೇಳಿ. ಎಡ ಚಾನೆಲ್ ಇರುವುದು ತಟ್ಟೆಯ ಕೇಂದ್ರದ ಕಡೆಯ ಒಳಗೋಡೆಯಲ್ಲಿ, ಬಲ ಚಾನೆಲ್ ಹೊರಗೋಡೆಯಲ್ಲಿ. ಹಿಸ್ ಎರಡರಲ್ಲೂ ಒಂದೇ ಸಮ ಇದ್ದರೆ ಕಾರಣ ಬಿಸಿ ಸಾಲದಿರುವುದು ಅಥವಾ ಸೂಜಿ ಮೊಂಡಾಗಿರುವುದು. ಒಂದರಲ್ಲಿ ಮಾತ್ರ ಜಾಸ್ತಿ ಇದ್ದರೆ ಸೂಜಿ ಕೂತಿರುವ ಕೋನವೇ ತಪ್ಪು. ಹೊಸ ಸೂಜಿಯಲ್ಲೂ ಹಿಸ್ ಉಳಿದಿದೆ ಎಂದಿದ್ದೀರಿ, ಆದ್ದರಿಂದ ಕೋನವನ್ನೇ ಮೊದಲು ನೋಡಿ. ಸೂಜಿಯ ಚಪ್ಪಟೆ ಮುಖ ಎದುರಿನಿಂದ ಬರುವ ಲ್ಯಾಕರ್‌ಗೆ ನೇರವಾಗಿ ಇದಿರಾಗಿರಬೇಕು. ಕತ್ತರಿಸುವ ಅಂಚಿನ ಹಿಂದೆಯೇ ಇರುವ ಕಿರಿದಾದ ಪಟ್ಟಿಗಳು ಗೋಡೆಯನ್ನು ಉಜ್ಜಿ ಹೊಳಪು ಕೊಡುತ್ತವೆ. ಸೂಜಿ ತುಸು ತಿರುಗಿ ಕೂತರೆ ಒಂದು ಗೋಡೆಗೆ ಉಜ್ಜುವುದು ಅತಿಯಾಗುತ್ತದೆ, ಇನ್ನೊಂದಕ್ಕೆ ತಾಗುವುದೇ ಇಲ್ಲ. ಕೊರೆದಾಗ ಏಳುವ ಲ್ಯಾಕರ್ ಎಳೆ ಒಳಬದಿಗೆ ಬೀಳಲೆಂದು ಕೆಲವರು ಬೇಕೆಂದೇ ಸೂಜಿಯನ್ನು ಸ್ವಲ್ಪ ತಿರುಗಿಸುತ್ತಾರೆ. ಅದು ಕೂದಲೆಳೆಯಷ್ಟಿದ್ದರೆ ಸರಿ, ಅದಕ್ಕಿಂತ ಹೆಚ್ಚಾದರೆ ಹಿಸ್ ಆಗಿ ಕೇಳುತ್ತದೆ.

ಕೋನ ಸರಿಯಿದ್ದರೆ ಬಿಸಿಯ ಪರೀಕ್ಷೆ. ಸೂಜಿಗೆ ಸುತ್ತಿದ ನೈಕ್ರೋಮ್ ತಂತಿಗೆ ಕರೆಂಟ್ ಕೊಡದೆ 10 ಸೆಕೆಂಡು ಕೊರೆಯಿರಿ. ಆಮೇಲೆ 0.1 ಆಂಪ್‌ನಂತೆ ಏರಿಸುತ್ತ ಪ್ರತಿ ಹಂತಕ್ಕೂ 10 ಸೆಕೆಂಡು ಕೊರೆಯಿರಿ. ಹಂತಗಳ ನಡುವೆ ಅಗಲ ಜಾಗ ಬಿಡಿ, ಇಲ್ಲದಿದ್ದರೆ ಯಾವುದು ಯಾವ ಕರೆಂಟಿನದೆಂದು ಗೊತ್ತಾಗುವುದಿಲ್ಲ. ಕೇಳಿ ಅಳೆಯುವಾಗ 500 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್ ಮಾಡಿಬಿಡಿ. ಮೋಟಾರಿನ ಗೊರಗೊರ ಸೇರಿಕೊಂಡರೆ ಅಳತೆಗೆ ಅರ್ಥವಿಲ್ಲ. ಮೊದಲ ಕೆಲವು ಹಂತಗಳಲ್ಲಿ ಹಿಸ್ ಸರಸರನೆ ಇಳಿಯುತ್ತದೆ. ತಣ್ಣನೆಯ ಸೂಜಿಗೂ ಸರಿಯಾಗಿ ಬಿಸಿಯಾದ ಸೂಜಿಗೂ 10 ಡೆಸಿಬೆಲ್‌ಗಿಂತ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಒಂದು ಹಂತದ ಮೇಲೆ ಇಳಿಕೆ ನಿಲ್ಲುತ್ತದೆ, ಅಲ್ಲೇ ನೀವೂ ನಿಲ್ಲಿ. ಇನ್ನೂ ಏರಿಸಿದರೆ ಲ್ಯಾಕರ್ ಸೂಜಿಯ ತುದಿಗೆ ಅಂಟಿ ಕರಕಾಗುತ್ತದೆ, ಹಿಸ್ ಹೋದ ಜಾಗಕ್ಕೆ ಚಟಪಟ ಬಂದು ಕೂರುತ್ತದೆ. ಸೂಜಿ ಮಾಡಿದವರು ಹೇಳಿದ ಮಿತಿಯನ್ನಂತೂ ಎಂದೂ ದಾಟಬೇಡಿ, ತಂತಿ ಸುಟ್ಟುಹೋಗುತ್ತದೆ. ತುದಿಗೆ ಏನಾದರೂ ಅಂಟಿದ್ದರೆ ಬೆರಳು, ಬಟ್ಟೆ ತಾಗಿಸದೆ ಮೆದುವಾದ ಬೆಂಡಿನ ತುಂಡಿಗೆ ಮೆಲ್ಲಗೆ ಚುಚ್ಚಿ ತೆಗೆಯಿರಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಲ್ಯಾಕರ್ ಎಂದರೆ ನೈಟ್ರೋಸೆಲ್ಯುಲೋಸ್. ಕೊರೆದಾಗ ಎದ್ದು ಬರುವ ಎಳೆ ಕಿಡಿ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಮೊದಲು ಎಳೆ ಹೀರುವ ಪಂಪು, ಆಮೇಲೆ ತಟ್ಟೆಯ ತಿರುಗಾಟ, ಆಮೇಲೆ ಬಿಸಿ, ಕೊನೆಗೆ ಹೆಡ್ (ಸೂಜಿ ಹಿಡಿದು ಅಲುಗಿಸುವ ಭಾಗ) ಇಳಿಸುವುದು. ನಿಲ್ಲಿಸುವಾಗ ಹೆಡ್ ಎತ್ತಿ, ಬಿಸಿ ಆರಿಸಿ, ಕೊನೆಗೆ ಪಂಪು ನಿಲ್ಲಿಸಿ. ಎಳೆ ನೀರಿರುವ ಜಾಡಿಯೊಳಗೆ ಬೀಳುವಂತೆ ಮಾಡಿ, ಅಂದಂದಿನದನ್ನು ಅಂದೇ ಖಾಲಿ ಮಾಡಿ.

ಪ್ರಶ್ನೆ: ಮೊದಲ ಹಾಡಿನಲ್ಲಿ ದನಿ ಶುದ್ಧವಾಗಿದೆ. ಕೊನೆಯ ಹಾಡಿಗೆ ಬರುವಷ್ಟರಲ್ಲಿ ‘ಸ’, ‘ಶ’, ‘ಚ’ ಬಂದಲ್ಲೆಲ್ಲ ಉಗುಳು ಸಿಡಿದ ಹಾಗೆ ಕೇಳುತ್ತದೆ. ಗಾಯಕಿ ಒಬ್ಬರೇ, ಮೈಕ್ ಒಂದೇ, ಲೆವೆಲ್ ಕೂಡ ಬದಲಿಸಿಲ್ಲ. ತಪ್ಪು ಎಲ್ಲಿದೆ?

ಉತ್ತರ: ನೀವು ಏನನ್ನೂ ಬದಲಿಸಿಲ್ಲ, ಆದರೆ ಗ್ರೂವ್‌ನ ವೇಗ ಬದಲಾಗಿದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಿರುಗುವ 12 ಇಂಚಿನ ತಟ್ಟೆಯ ಹೊರಸುತ್ತಿನಲ್ಲಿ, ಅಂದರೆ 292 ಮಿಲಿಮೀಟರ್ ವ್ಯಾಸದಲ್ಲಿ, ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಹಾದುಹೋಗುತ್ತದೆ. ಒಳಸುತ್ತಿನ ಮಿತಿಯಾದ 120.6 ಮಿಲಿಮೀಟರ್ ವ್ಯಾಸಕ್ಕೆ ಬಂದಾಗ ಅದು 21 ಸೆಂಟಿಮೀಟರ್. ಹೊರಗೆ 51 ಮೈಕ್ರಾನ್ ಉದ್ದ ಸಿಗುತ್ತಿದ್ದ 10 ಕಿಲೋಹರ್ಟ್ಸ್‌ನ ಒಂದು ಅಲೆ ಒಳಗೆ 21 ಮೈಕ್ರಾನಿನಲ್ಲಿ ಮುದುಡಿ ಕೂರಬೇಕು.

ಇದನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಒಂದು ‘ಸ’ಕಾರದಲ್ಲಿ 10 ಕಿಲೋಹರ್ಟ್ಸ್ ಅಂಶ ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಲ್ಲಿ ಅಡ್ಡಡ್ಡ ಓಲಾಡುತ್ತಿದೆ ಎಂದುಕೊಳ್ಳಿ. ಆ ಓಲಾಟ ಮಧ್ಯರೇಖೆಯಿಂದ ಆಚೆಗೆ 0.8 ಮೈಕ್ರಾನ್, ಈಚೆಗೆ ಅಷ್ಟೇ. ಅಲೆಯ ತಿರುವಿನ ತ್ರಿಜ್ಯ ಹೊರಸುತ್ತಿನಲ್ಲಿ ಸುಮಾರು 83 ಮೈಕ್ರಾನ್, ಒಳಸುತ್ತಿನಲ್ಲಿ 14. ಕೇಳುವವರ ದುಂಡು ಸೂಜಿಯ ತುದಿಯ ತ್ರಿಜ್ಯ 18 ಮೈಕ್ರಾನ್. ಲಾರಿಯ ಚಕ್ರ ಸೈಕಲ್ಲಿನ ಜಾಡಿಗೆ ಇಳಿಯುವುದು ಹೇಗೆ? ಅದು ತಿರುವನ್ನು ಬಿಟ್ಟು ಗೋಡೆಗಳಿಗೆ ಬಡಿದುಕೊಂಡು ಹೋಗುತ್ತದೆ. ನಿಮಗೆ ಕೇಳುವ ಸಿಡಿತ ಅದೇ. ಪಕ್ಕದ ತ್ರಿಜ್ಯ 8 ಮೈಕ್ರಾನ್ ಆಸುಪಾಸಿರುವ ಎಲಿಪ್ಟಿಕಲ್ (ಅಂಡಾಕಾರದ) ಸೂಜಿ ಇದೇ ಗ್ರೂವನ್ನು ಸಲೀಸಾಗಿ ಓದುತ್ತದೆ. ಹಾಗಾಗಿ ಕೊರೆತವನ್ನು ದೂರುವ ಮೊದಲು ಬೇರೆ ಬೇರೆ ಆಕಾರದ ಎರಡು ಸೂಜಿಗಳಲ್ಲಿ ಕೇಳಿ, ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ ಸರಿಯಾಗಿ ಕೂತಿದೆಯೇ, ಭಾರ ಸರಿಯಿದೆಯೇ ನೋಡಿ.

ಆದರೂ ಕೇಳುಗರ ಬಳಿ ಯಾವ ಸೂಜಿ ಇದೆಯೆಂದು ನಮಗೆ ಗೊತ್ತಿರುವುದಿಲ್ಲ. ದುಂಡು ಸೂಜಿಗೂ ದಕ್ಕುವಂತೆ ಕೊರೆಯುವುದೇ ನಿಜವಾದ ಕೆಲಸ. ಕೊನೆಯ ಹಾಡಿನ ಅದೇ 20 ಸೆಕೆಂಡನ್ನು ಹೊರ ಅಂಚಿನಲ್ಲೂ ಕೊರೆದು ನೋಡಿ. ಅಲ್ಲೂ ಸಿಡಿದರೆ ದೋಷ ಮೂಲ ಧ್ವನಿಯಲ್ಲಿದೆ ಅಥವಾ ಕಟಿಂಗ್ ಆಂಪ್ಲಿಫೈಯರ್ ದಣಿಯುತ್ತಿದೆ. ಅಲ್ಲಿ ಶುದ್ಧವಾಗಿದ್ದರೆ ಒಳಸುತ್ತಿಗೆ ಕಡಿಮೆ ಕೊಡಬೇಕು. ‘ಸ’ಕಾರದ ಸಿಡಿತ ತಗ್ಗಿಸುವ ಡಿ-ಎಸ್ಸರನ್ನು 5ರಿಂದ 9 ಕಿಲೋಹರ್ಟ್ಸ್ ನಡುವೆ ಹೊಂದಿಸಿ, ‘ಸ’ಕಾರ ಬಂದ ಗಳಿಗೆಯಲ್ಲಿ ಮಾತ್ರ 3–4 ಡೆಸಿಬೆಲ್ ಇಳಿಯುವಂತೆ ಮಾಡಿ. ಅದಕ್ಕಿಂತ ಹೆಚ್ಚಿಳಿಸಿದರೆ ಹಾಡುವವರು ತೊದಲಿದ ಹಾಗೆ ಕೇಳುತ್ತದೆ. ಮೂಲ ಕಡತ ಜೋರು ಸದ್ದನ್ನು ಒಂದು ಮಿತಿಯಲ್ಲಿ ತಡೆಯುವ ಲಿಮಿಟರ್‌ಗೆ ಸಿಕ್ಕಿ ಚಪ್ಪಟೆಯಾಗಿದ್ದರೆ ಲಿಮಿಟರ್ ಹಾಕದ 24 ಬಿಟ್ ಕಡತವನ್ನು ಕೇಳಿ ಪಡೆಯಿರಿ.

ಇದೆಲ್ಲಕ್ಕಿಂತ ಫಲ ಕೊಡುವುದು ಜಾಗದ ಲೆಕ್ಕಾಚಾರ. ಸಂಗೀತವನ್ನು 120 ಮಿಲಿಮೀಟರ್‌ವರೆಗೆ ಎಳೆಯದೆ 140ರಲ್ಲೇ ಮುಗಿಸಿದರೆ ಆ 14 ಮೈಕ್ರಾನಿನ ತಿರುವು 19ಕ್ಕೆ ಬರುತ್ತದೆ, ದುಂಡು ಸೂಜಿ ಹಾದುಹೋಗುತ್ತದೆ. 45ರ ವೇಗದಲ್ಲಿ ಕೊರೆದರೆ 120ರಲ್ಲೇ ಸುಮಾರು 25 ಮೈಕ್ರಾನ್ ಸಿಗುತ್ತದೆ. ಹಾಡುಗಳ ಅನುಕ್ರಮ ನಿಮ್ಮ ಕೈಯಲ್ಲಿದ್ದರೆ ತಾಳ, ಜಾಗಟೆ, ಏರುದನಿಯ ಹಾಡುಗಳನ್ನು ಮೊದಲಿಗೆ ಹಾಕಿ, ಮೆಲುದನಿಯದನ್ನು ಕೊನೆಗೆ ಉಳಿಸಿ.

ಪ್ರಶ್ನೆ: ಕೊರೆದ ತಟ್ಟೆಯಲ್ಲಿ ‘ಗುಂಯ್’ ಎಂಬ ಹಮ್ ಇದೆ. ಅದು ಗ್ರೂವ್‌ನಲ್ಲೇ ಇದೆಯೋ, ಕೇಳುವ ಸಲಕರಣೆಯಲ್ಲಿದೆಯೋ ತಿಳಿಯುತ್ತಿಲ್ಲ.

ಉತ್ತರ: ಸೂಜಿಯನ್ನು ತಟ್ಟೆಯಿಂದ ಎತ್ತಿದ ಮೇಲೂ ಹಮ್ ಹಾಗೇ ಇದ್ದರೆ ಕೇಳುವ ಸಲಕರಣೆಯದೇ ತಪ್ಪು. ಅನುಮಾನ ಉಳಿದರೆ 45ರಲ್ಲಿ ಕೊರೆದ ಖಾಲಿ ಗ್ರೂವನ್ನು 33⅓ರಲ್ಲಿ ಹಾಕಿ ಕೇಳಿ. ಕೊರೆಯುವಾಗ ಸೇರಿದ 50 ಹರ್ಟ್ಸ್ ಹಮ್ 37 ಹರ್ಟ್ಸ್‌ಗೆ ಇಳಿಯುತ್ತದೆ, ಕೇಳುವ ಕಡೆಯದು 50ರಲ್ಲೇ ನಿಲ್ಲುತ್ತದೆ.

ಗ್ರೂವ್‌ನಲ್ಲೇ ಇದ್ದರೆ ಮೊದಲ ಅನುಮಾನ ಸೂಜಿಯ ಬಿಸಿತಂತಿಯ ಮೇಲಿರಲಿ. ಅದಕ್ಕೆ ಎಸಿ ಕರೆಂಟ್ ಕೊಟ್ಟಿದ್ದರೆ ಪಕ್ಕದಲ್ಲೇ ಇರುವ ಹೆಡ್‌ನ ಕಾಯಿಲ್‌ಗಳು ಅದನ್ನು ಹಿಡಿದುಕೊಳ್ಳುತ್ತವೆ. ಚೆನ್ನಾಗಿ ಸೋಸಿದ ಡಿಸಿಯನ್ನೇ ಕೊಡಿ. ಒಮ್ಮೆ ಬಿಸಿ ಆರಿಸಿ ಕೊರೆದು ಹೋಲಿಸಿದರೆ ಸತ್ಯ ಗೊತ್ತಾಗುತ್ತದೆ. ಅದಲ್ಲದಿದ್ದರೆ ಅರ್ತ್ ಎರಡು ಕಡೆ ಜೋಡಿಯಾಗಿ ಸುತ್ತು ಬಿದ್ದಿದೆಯೇ ಪರೀಕ್ಷಿಸಿ. ಆರ್‌ಐಎಎ ಕರ್ವ್‌ನಿಂದಾಗಿ (ಕೊರೆಯುವಾಗ ಕೆಳಸ್ವರ ತಗ್ಗಿಸಿ ಮೇಲಿನ ಸ್ವರ ಏರಿಸುವ, ಕೇಳುವಾಗ ಅದನ್ನು ತಿರುಗುಮುರುಗು ಮಾಡುವ ಗೊತ್ತಾದ ಮಾನ) ಕೇಳುವಾಗ 50 ಹರ್ಟ್ಸ್ ಸದ್ದು 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ ಸುಮಾರು 17 ಡೆಸಿಬೆಲ್, ಅಂದರೆ 7 ಪಟ್ಟು ಮೇಲೇಳುತ್ತದೆ. ಕೊರೆಯುವಾಗ ಮೀಟರಿನಲ್ಲಿ ಕಾಣದಷ್ಟು ಸಣ್ಣ ಹಮ್ ಕೂಡ ಕೊನೆಗೆ ಕಿವಿಗೆ ಬೀಳುವುದು ಅದಕ್ಕೇ.

ಪ್ರಶ್ನೆ: ಖಾಲಿ ಗ್ರೂವ್‌ನಲ್ಲಿ ‘ಸುಂಯ್… ಸುಂಯ್…’ ಎಂದು ಸದ್ದು ಏರಿ ಇಳಿಯುತ್ತದೆ, ಸುತ್ತಿಗೊಮ್ಮೆ. ಹಾಡಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ.

ಉತ್ತರ: 33⅓ರಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ನೀವು ಕೇಳುತ್ತಿರುವುದು ಅದೇ ಅಂತರದಲ್ಲಿದ್ದರೆ ಗ್ರೂವ್‌ನ ಆಳ ಸುತ್ತಿನುದ್ದಕ್ಕೂ ಒಂದೇ ಸಮ ಇಲ್ಲ. ಸುತ್ತನ್ನು ಎಂಟು ಭಾಗ ಮಾಡಿ ಪ್ರತಿ ಜಾಗದಲ್ಲಿ ಗ್ರೂವ್‌ನ ಅಗಲ ಅಳೆದು ಬರೆದುಕೊಳ್ಳಿ. ಗ್ರೂವ್ 90 ಡಿಗ್ರಿಯ ‘ವಿ’ ಆಕಾರದ್ದು, ಆದ್ದರಿಂದ ಆಳ 5 ಮೈಕ್ರಾನ್ ಬದಲಾದರೆ ಅಗಲ 10 ಮೈಕ್ರಾನ್ ಬದಲಾಗುತ್ತದೆ. ಈ ದೋಷ ಕಿವಿಗಿಂತ ಕಣ್ಣಿಗೇ ಬೇಗ ಸಿಗುತ್ತದೆ.

ಆಮೇಲೆ ತಟ್ಟೆಯನ್ನು ಪ್ಲ್ಯಾಟರ್ (ಲೇತಿನ ತಿರುಗುವ ಪೀಠ) ಮೇಲೆ ಕಾಲು ಸುತ್ತು ತಿರುಗಿಸಿ ಕೂರಿಸಿ, ಮತ್ತೆ ಕೊರೆದು ಅಳೆಯಿರಿ. ಅಗಲವಾದ ಜಾಗ ತಟ್ಟೆಯ ಜೊತೆಗೇ ತಿರುಗಿದ್ದರೆ ತಟ್ಟೆ ಡೊಂಕಾಗಿದೆ. ಪ್ಲ್ಯಾಟರಿನ ಗುರುತಿನ ಬಳಿಯೇ ಉಳಿದಿದ್ದರೆ ಪ್ಲ್ಯಾಟರ್ ಏರುಪೇರಾಗಿದೆ ಅಥವಾ ಅದರ ಮೇಲೆ ಕಸ ಕೂತಿದೆ. ಹಳೆಯ ಎಳೆಯ ಒಂದು ತುಣುಕು ತಟ್ಟೆಯ ಅಡಿಗೆ ಸಿಕ್ಕರೂ ಸಾಕು. ನಿರ್ವಾತದಿಂದ ತಟ್ಟೆ ಹಿಡಿದಿಡುವ ಲೇತ್ ಆಗಿದ್ದರೆ ರಬ್ಬರ್ ಅಂಚಿನಲ್ಲಿ ಗಾಳಿ ಸೋರುತ್ತಿದೆಯೇ ನೋಡಿ. ಎರಡೂ ಸರಿಯಿದ್ದರೆ ಹೆಡ್ ತೂಗಿರುವ ಸ್ಪ್ರಿಂಗ್ ಮತ್ತು ಅದರ ಅಲುಗಾಟ ತಡೆಯುವ ಎಣ್ಣೆಯ ಡ್ಯಾಶ್‌ಪಾಟ್ ಪರೀಕ್ಷಿಸಿ. ಎಣ್ಣೆ ಕಡಿಮೆಯಾದರೆ ಹೆಡ್ ತಟ್ಟೆಯ ಏರಿಳಿತದ ಮೇಲೆ ಕುಣಿಯುತ್ತದೆ, ತೀರ ಗಟ್ಟಿಯಾದರೆ ಏರಿಳಿತವನ್ನು ಹಿಂಬಾಲಿಸುವುದೇ ಇಲ್ಲ.

ಅಂತರ 1.8 ಸೆಕೆಂಡಿಗಿಂತ ಚಿಕ್ಕದಾಗಿದ್ದರೆ ಬೆಲ್ಟು, ರಬ್ಬರ್ ಚಕ್ರ, ಮೋಟಾರು ಇವುಗಳಲ್ಲಿ ಯಾವುದು ಅಷ್ಟು ಹೊತ್ತಿಗೊಮ್ಮೆ ಸುತ್ತುತ್ತದೆ ಎಂದು ಲೆಕ್ಕ ಹಾಕಿ. ಲೇತನ್ನು ಕೆಲಸವಿಲ್ಲದೆ ನಿಲ್ಲಿಸುವಾಗ ರಬ್ಬರ್ ಚಕ್ರವನ್ನು ಒತ್ತಿದ ಸ್ಥಿತಿಯಲ್ಲೇ ಬಿಟ್ಟರೆ ಅದರಲ್ಲಿ ಚಪ್ಪಟೆ ಗುರುತು ಬೀಳುತ್ತದೆ. ಆ ಗುರುತು ಸುತ್ತು ಬಂದಾಗಲೆಲ್ಲ ಸದ್ದಾಗುತ್ತದೆ.

ಪ್ರಶ್ನೆ: ಡೋಲಿನ ಪೆಟ್ಟು ಬಿದ್ದ ಕಡೆ ಸೂಜಿ ಎಗರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಗ್ರೂವೇ ಕಾಣುವುದಿಲ್ಲ!

ಉತ್ತರ: ಆ ಪೆಟ್ಟು ಎಡ ಮತ್ತು ಬಲ ಚಾನೆಲ್‌ಗಳಲ್ಲಿ ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿದೆ, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ. ಎರಡೂ ಚಾನೆಲ್‌ನಲ್ಲಿ ಒಂದೇ ಫೇಸ್ ಇದ್ದರೆ ಕೊರೆಯುವ ಸೂಜಿ ಅಡ್ಡಡ್ಡ ಓಲಾಡುತ್ತದೆ, ವಿರುದ್ಧವಾದರೆ ಮೇಲೆ ಕೆಳಗೆ ಕುಣಿಯುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ 5 ಸೆಂಟಿಮೀಟರ್ ವೇಗವನ್ನು ಆಧಾರ ಮಟ್ಟವೆಂದು ಇಟ್ಟುಕೊಂಡರೆ, ಅದಕ್ಕಿಂತ 6 ಡೆಸಿಬೆಲ್ ಮೇಲಿರುವ 50 ಹರ್ಟ್ಸ್ ಸದ್ದು ಆರ್‌ಐಎಎ ಕಡಿತದ ನಂತರವೂ ಸೂಜಿಯನ್ನು ಸುಮಾರು 45 ಮೈಕ್ರಾನ್ ಸರಿಸುತ್ತದೆ. 50 ಮೈಕ್ರಾನ್ ಅಗಲದ ಗ್ರೂವ್‌ನ ಆಳ ಬರೀ 25. ಸೂಜಿ 45 ಮೈಕ್ರಾನ್ ಮೇಲೆದ್ದರೆ ತಟ್ಟೆಯನ್ನೇ ಬಿಟ್ಟು ಗಾಳಿಯಲ್ಲಿರುತ್ತದೆ. ಮರುಗಳಿಗೆಯಲ್ಲಿ ಅಷ್ಟೇ ಕೆಳಗಿಳಿದು ಆಳ 70ಕ್ಕೆ ಮುಟ್ಟುತ್ತದೆ. ಆಳ ಇನ್ನೂ ಹೆಚ್ಚಿ ಲ್ಯಾಕರ್ ಪದರ ದಾಟಿ ಅಲ್ಯೂಮಿನಿಯಂ ತಾಗಿದರೆ ನೀಲಮಣಿಯ ಸೂಜಿಯ ಕತೆ ಅಲ್ಲಿಗೆ ಮುಗಿಯಿತು.

ಕೆಳಸ್ವರಗಳಲ್ಲಿ ಎಡ-ಬಲದ ವ್ಯತ್ಯಾಸ ಅಳಿಸಿ ಒಂದೇ ಸದ್ದಾಗಿಸುವ (ಮೊನೊ) ಎಲಿಪ್ಟಿಕಲ್ ಈಕ್ವಲೈಜರ್ ಬಳಸಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಮೊನೊ ಮಾಡಿ. ಸಾಲದಿದ್ದರೆ 200, ಆಮೇಲೆ 300ಕ್ಕೆ ಏರಿಸಿ. ಹಾಗೆ ಮಾಡುವ ಮೊದಲು ಇಡೀ ಹಾಡನ್ನು ಮೊನೊದಲ್ಲಿ ಒಮ್ಮೆ ಕೇಳಲೇಬೇಕು. ಡೋಲು ಕಾಣೆಯಾದರೆ ಮಿಕ್ಸಿಂಗ್‌ನಲ್ಲಿ ಒಂದು ಮೈಕಿನ ಫೇಸ್ ತಲೆಕೆಳಗಾಗಿದೆ. ಅದನ್ನು ಮಿಕ್ಸಿಂಗ್‌ನಲ್ಲೇ ಸರಿಪಡಿಸುವುದು ಉತ್ತಮ, ಲೇತಿನಲ್ಲಿ ಮೊನೊ ಮಾಡಿದರೆ ಪೆಟ್ಟು ಸತ್ತುಹೋಗುತ್ತದೆ.

ಪ್ರಶ್ನೆ: ಹಾಡು ಶುರುವಾಗುವ ಮೊದಲೇ ಅದರ ಮೊದಲ ಸಾಲು ಪಿಸುಗುಟ್ಟಿದ ಹಾಗೆ ಕೇಳುತ್ತದೆ.

ಉತ್ತರ: ಮೊದಲು ಅಂತರ ಅಳೆಯಿರಿ. 33⅓ರಲ್ಲಿ 1.8 ಸೆಕೆಂಡು, 45ರಲ್ಲಿ 1.33 ಸೆಕೆಂಡು ಇದ್ದರೆ ಅದು ಗ್ರೂವ್‌ನ ಪ್ರತಿಧ್ವನಿ. ಆ ಲೆಕ್ಕಕ್ಕೆ ಬರದಿದ್ದರೆ ಮೂಲ ಟೇಪಿನಲ್ಲಿ ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ಸದ್ದು ಅಂಟಿರಬಹುದು. ಹೆಡ್‌ಫೋನಿನಲ್ಲಿ ಟೇಪನ್ನೇ ಕೇಳಿ.

ಗ್ರೂವ್‌ನ ಪ್ರತಿಧ್ವನಿಗೆ ಕಾರಣ ಸರಳ. ಈಗ ಕೊರೆಯುತ್ತಿರುವ ಗ್ರೂವ್ ಹಿಂದಿನ ಸುತ್ತಿನ ಗೋಡೆಯನ್ನು ನವಿರಾಗಿ ತಳ್ಳುತ್ತದೆ. ಲ್ಯಾಕರ್ ಮೆದು, ಒತ್ತಡ ಪಕ್ಕಕ್ಕೆ ದಾಟುತ್ತದೆ. ನಿಶ್ಶಬ್ದದ ನಂತರ ಒಮ್ಮೆಗೇ ಜೋರು ಸದ್ದು ಬರುವ ಕಡೆ, ಆ ಸದ್ದಿಗೆ ಎರಡು ಸುತ್ತು ಮೊದಲೇ ಗ್ರೂವ್‌ಗಳ ಅಂತರ ಹೆಚ್ಚಿಸಿ, ಒಂದೆರಡು ಸುತ್ತು ಕಳೆದ ಮೇಲೆ ಮೊದಲಿನಂತೆ ಮಾಡಿ. ಮೊಂಡು ಸೂಜಿ, ಸಾಲದ ಬಿಸಿ ಇದ್ದರೆ ತಳ್ಳುವಿಕೆ ಜಾಸ್ತಿಯಾಗುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಪರೀಕ್ಷೆ ಇಲ್ಲೂ ಬೇಕು. ತಾಮ್ರದ ತಟ್ಟೆಯ ಮೇಲೆ ವಜ್ರದ ಸೂಜಿಯಿಂದ ಕೊರೆಯುವ ಡಿಎಂಎಂ (ಡೈರೆಕ್ಟ್ ಮೆಟಲ್ ಮಾಸ್ಟರಿಂಗ್) ವಿಧಾನದಲ್ಲಿ ಈ ಪಿಸುಮಾತು ತೀರ ಕಡಿಮೆ, ಲೋಹ ಲ್ಯಾಕರ್‌ನಂತೆ ಹಿಂದೆ ಪುಟಿಯುವುದಿಲ್ಲ.

ಪ್ರಶ್ನೆ: ಒಂದು ಬದಿಗೆ 25 ನಿಮಿಷ ಹಿಡಿಸಿದೆವು. ಬೇರೆ ರೆಕಾರ್ಡ್‌ಗಳ ಪಕ್ಕದಲ್ಲಿ ಇಟ್ಟು ಕೇಳಿದರೆ ನಮ್ಮದು ಬಡವಾಗಿದೆ.

ಉತ್ತರ: ಜಾಗ ಇರುವುದೇ ಅಷ್ಟು. 12 ಇಂಚಿನ ಬದಿಯಲ್ಲಿ ಸಂಗೀತಕ್ಕೆ ಸಿಗುವ ತ್ರಿಜ್ಯ ಸುಮಾರು 3⅜ ಇಂಚು. ಇಂಚಿಗೆ 200 ಗ್ರೂವ್‌ನಂತೆ 675 ಸುತ್ತು, ಅಂದರೆ 20 ನಿಮಿಷ. ಆಗ ಗ್ರೂವ್‌ನಿಂದ ಗ್ರೂವ್‌ಗೆ 127 ಮೈಕ್ರಾನ್, 50 ಮೈಕ್ರಾನ್ ಅಗಲ ಕಳೆದರೆ ನಡುವೆ 77 ಮೈಕ್ರಾನ್ ಉಳಿಯುತ್ತದೆ. 25 ನಿಮಿಷಕ್ಕೆ ಇಂಚಿಗೆ ಸುಮಾರು 250 ಬೇಕು, ನಡುವೆ ಉಳಿಯುವುದು ಸುಮಾರು 51 ಮೈಕ್ರಾನ್. ಓಲಾಡಲು ಜಾಗ ಮೂರರಲ್ಲಿ ಒಂದು ಪಾಲು ಕಡಿಮೆಯಾಗಿದ್ದರಿಂದ ಲೆವೆಲ್ ಸುಮಾರು 3.5 ಡೆಸಿಬೆಲ್ ಇಳಿಯಲೇಬೇಕು. ಡೋಲಿನ ಉತ್ತರದಲ್ಲಿ ಹೇಳಿದ 45 ಮೈಕ್ರಾನ್ ಓಲಾಟ ಪಕ್ಕಪಕ್ಕದ ಎರಡು ಗ್ರೂವ್‌ಗಳಲ್ಲಿ ಎದುರುಬದುರಾಗಿ ಬಂದರೆ 200ರ ಲೆಕ್ಕದಲ್ಲೂ ಅವು ಒಂದರೊಳಗೊಂದು ನುಗ್ಗುತ್ತವೆ.

ಸದ್ದಿಗೆ ತಕ್ಕಂತೆ ಅಂತರ ತಾನೇ ಬದಲಿಸುವ ಲೇತ್ ಇದ್ದರೆ ಮೆಲುದನಿಯ ಭಾಗಗಳಲ್ಲಿ ಜಾಗ ಉಳಿಸಿ ಜೋರಿನ ಭಾಗಕ್ಕೆ ಕೊಡಬಹುದು. ನ್ಯೂಮನ್ ವಿಎಂಎಸ್ 70, ವಿಎಂಎಸ್ 80 ಇಂಥವು. ಸ್ಥಿರ ಅಂತರದ ಲೇತ್ ಆದರೆ 18 ನಿಮಿಷದೊಳಗೆ ಮುಗಿಸಿ. ನಮ್ಮ ಮಟ್ಟಿಗೆ ನಾಲ್ಕು ನಿಮಿಷದ ಒಂದು ಹಾಡು ಬಿಟ್ಟು ಉಳಿದವಕ್ಕೆ ಪ್ರಾಣ ಕೊಡುವುದೇ ಸರಿ. 40 ಹರ್ಟ್ಸ್‌ಗಿಂತ ಕೆಳಗೆ ಕೆಲಸಕ್ಕೆ ಬಾರದ ಗೊರಗೊರ ಇದ್ದರೆ ಕತ್ತರಿಸಿ, ಅದು ಕಿವಿಗೆ ಬೀಳದೆ ಜಾಗ ನುಂಗುತ್ತದೆ.

ಪ್ರಶ್ನೆ: ಪಾಲಿಕಾರ್ಬೊನೇಟ್ ತಟ್ಟೆಯ ಮೇಲೆ ವಜ್ರದ ಸೂಜಿಯಿಂದ ಒಂದೊಂದೇ ಪ್ರತಿ ಕೊರೆಯುತ್ತೇನೆ. ಕಂಬಳಿ ಹೊದ್ದು ಹಾಡಿದ ಹಾಗೆ ಸದ್ದು ಮಂಕು. ಟ್ರೆಬಲ್ ಹೆಚ್ಚಿಸಿದ ದಿನ ಫ್ಯೂಸ್ ಹಾರಿತು.

ಉತ್ತರ: ಫ್ಯೂಸ್ ಹಾರಿದ್ದು ನಿಮ್ಮ ಪುಣ್ಯ, ಇಲ್ಲದಿದ್ದರೆ ಹೆಡ್‌ನ ಕಾಯಿಲ್ ಸುಡುತ್ತಿತ್ತು. ಕೊರೆಯುವಾಗಿನ ಆರ್‌ಐಎಎ ಕರ್ವ್ 10 ಕಿಲೋಹರ್ಟ್ಸನ್ನು ಆಗಲೇ 13.7 ಡೆಸಿಬೆಲ್ ಏರಿಸಿರುತ್ತದೆ, ಶಕ್ತಿಯ ಲೆಕ್ಕದಲ್ಲಿ 23 ಪಟ್ಟು. ನೀವು ಅದರ ಮೇಲೆ 6 ಡೆಸಿಬೆಲ್ ಸೇರಿಸಿದರೆ ಅದು 90 ಪಟ್ಟು ದಾಟುತ್ತದೆ. ಫ್ಯೂಸನ್ನು ದೊಡ್ಡದು ಮಾಡುವ ಯೋಚನೆ ಖಂಡಿತ ಬೇಡ.

ಕಿವಿಯ ಅಂದಾಜಿನಲ್ಲಿ ಟ್ರೆಬಲ್ ತಿರುಗಿಸುವ ಬದಲು ಅಳೆಯಿರಿ. ಮಾಮೂಲು ಲೆವೆಲ್‌ಗಿಂತ 20 ಡೆಸಿಬೆಲ್ ಕೆಳಗೆ 100 ಹರ್ಟ್ಸ್ ಮತ್ತು 1, 3, 5, 8, 10, 12 ಕಿಲೋಹರ್ಟ್ಸ್ ಟೋನ್‌ಗಳನ್ನು ತಲಾ 5 ಸೆಕೆಂಡು ಹೊರಸುತ್ತಿನಲ್ಲಿ ಕೊರೆಯಿರಿ, ಅದನ್ನೇ ಒಳಸುತ್ತಿನಲ್ಲೂ. ಹಾಕಿ ನೋಡಿ, ಪ್ರತಿ ಟೋನ್ ಎಷ್ಟು ಬಂತೆಂದು ಬರೆದುಕೊಳ್ಳಿ. ಫೀಡ್‌ಬ್ಯಾಕ್ (ಸೂಜಿಯ ಚಲನೆ ಅಳೆದು ತಿದ್ದುವ ವ್ಯವಸ್ಥೆ) ಇಲ್ಲದ ಸರಳ ಹೆಡ್‌ಗಳಲ್ಲಿ ಯಾವುದೋ ಒಂದು ಆವರ್ತನದ ಬಳಿ ಉಬ್ಬು ಇದ್ದೇ ಇರುತ್ತದೆ, ಅದರ ಆಚೆಗೆ ಇಳಿಜಾರು. ಮಂಕುತನ ಎಷ್ಟೋ ಸಲ ಮೇಲಿನ ಸ್ವರಗಳು ಕಡಿಮೆಯಾಗಿದ್ದರಿಂದಲ್ಲ, ಆ ಉಬ್ಬು ಉಳಿದದ್ದನ್ನು ಮುಚ್ಚಿಹಾಕಿದ್ದರಿಂದ. ಉಬ್ಬನ್ನು ತಗ್ಗಿಸಿದರೆ ಸದ್ದು ತಾನಾಗಿ ತಿಳಿಯಾಗುತ್ತದೆ, ಹೆಡ್‌ಗೂ ಹಗುರ. 12 ಕಿಲೋಹರ್ಟ್ಸ್‌ಗಿಂತ ಮೇಲೆ ಏರಿಸಲು ಹೋಗಬೇಡಿ.

ಪಾಲಿಕಾರ್ಬೊನೇಟ್ ಲ್ಯಾಕರ್‌ಗಿಂತ ಬಹಳ ಗಟ್ಟಿ. ತಣ್ಣಗಿದ್ದರೆ ಸೂಜಿಯ ಚುರುಕಿನ ಚಲನೆಯನ್ನೇ ತಡೆದುಬಿಡುತ್ತದೆ. ಸೂಜಿಯ ಬಿಸಿಯ ಜೊತೆಗೆ ತಟ್ಟೆಯ ಮೇಲೊಂದು ದೀಪ ಇಟ್ಟು ಬೆಚ್ಚಗೆ ಮಾಡಿ, ಮುಟ್ಟಿದರೆ ಬಿಸಿ ಅನ್ನಿಸಬೇಕು, ತಟ್ಟೆ ಬಾಗಬಾರದು. ಇಷ್ಟಾದರೂ ಇದರ ಹಿಸ್ ಲ್ಯಾಕರ್‌ಗಿಂತ ಹೆಚ್ಚೇ ಇರುತ್ತದೆ. ಇನ್ನೊಂದು ತೊಂದರೆ ಸ್ಥಾಯೀ ವಿದ್ಯುತ್ತು. ಎಳೆ ಹೀರುಕೊಳವೆಗೆ ಹೋಗದೆ ತಟ್ಟೆಗೇ ಅಂಟಿ, ಮುಂದಿನ ಸುತ್ತಿನಲ್ಲಿ ಸೂಜಿಯ ಅಡಿಗೆ ಬರುತ್ತದೆ. ಕೊಳವೆಯ ಬಾಯಿ ಸೂಜಿಯ ಹಿಂದೆ ಕೆಲವೇ ಮಿಲಿಮೀಟರ್ ದೂರದಲ್ಲಿರಲಿ, ಕೊರೆಯುವ ಮೊದಲು ತಟ್ಟೆಯನ್ನು ಆ್ಯಂಟಿಸ್ಟ್ಯಾಟಿಕ್ ಬ್ರಷ್‌ನಿಂದ ಒರೆಸಿ.

ಪ್ರಶ್ನೆ: ಲ್ಯಾಕರ್ ಮಾಸ್ಟರ್ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಒಮ್ಮೆ ಹಾಕಿ ಕೇಳಬಹುದೇ?

ಉತ್ತರ: ಬೇಡ. ಲ್ಯಾಕರ್ ಎಷ್ಟು ಮೆದುವೆಂದರೆ ಒಂದು ಸಲ ಸೂಜಿ ಹರಿದರೂ ಮೇಲಿನ ಸ್ವರಗಳು ಸವೆಯುತ್ತವೆ, ಆ ಸವೆತ ಅಚ್ಚಿಗೂ ಅಲ್ಲಿಂದ ಪ್ರತಿ ರೆಕಾರ್ಡಿಗೂ ಹೋಗುತ್ತದೆ. ಕೇಳಿ ನೋಡಲು ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ತಟ್ಟೆ ಕೊರೆಯಿರಿ. ಮಾಸ್ಟರನ್ನು ಸೂಕ್ಷ್ಮದರ್ಶಕದಲ್ಲಿ ಮಾತ್ರ ನೋಡಿ: ಜೋರಿನ ಭಾಗಗಳಲ್ಲಿ ಗ್ರೂವ್‌ಗಳು ಒಂದನ್ನೊಂದು ತಾಗಿವೆಯೇ, ಎಲ್ಲಾದರೂ ತೆಳುವಾಗಿ ಮಾಯವಾಗಿದೆಯೇ, ಎಳೆಯ ತುಣುಕು ಸಿಕ್ಕಿಕೊಂಡಿದೆಯೇ. ಸಂಗೀತದ ಭಾಗಕ್ಕೆ ಬೆರಳು ತಾಗಿಸಬೇಡಿ, ಊದಲೂ ಬೇಡಿ. ಅಂಚು ಹಿಡಿದು ಪೆಟ್ಟಿಗೆಗಿಳಿಸಿ, ತಂಪಾದ ಜಾಗದಲ್ಲಿಟ್ಟು 24 ಗಂಟೆಯೊಳಗೆ, ತೀರ ತಡವೆಂದರೆ 48 ಗಂಟೆಯೊಳಗೆ ಬೆಳ್ಳಿ ಲೇಪನಕ್ಕೆ ತಲುಪಿಸಿ. ತಡವಾದಷ್ಟೂ ಲ್ಯಾಕರ್ ಸಡಿಲಗೊಂಡು ಗೋಡೆಗಳು ಅಲುಗುತ್ತವೆ, ಮೊದಲು ಹೋಗುವುದು ಮೇಲಿನ ಸ್ವರಗಳು, ಹಿಂದೆಯೇ ಮೇಲೆ ಹೇಳಿದ ಪಿಸುಮಾತು ಬರುತ್ತದೆ.